ಬಟ್ಟೆಯಮ್ಮನ ಪಟ್ಟಿ

ನಮ್ಮ ದೊಡ್ಡಮ್ಮನನ್ನು ಆಸ್ಪತ್ರೆಯಲ್ಲಿ ಯಾರೂ ಹೆಸರು ಹಿಡಿದು ಕರೆದವರಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರಿಗೂ ಆಕೆ ಬಟ್ಟೆಯಮ್ಮ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಾಯ್ಲರ್ ಕೋಣೆಯ ಪಕ್ಕಕ್ಕೆ ಬಟ್ಟೆ ಕೋಣೆ. ಮೂರು ಗೋಡೆಗೆ ಸೂರು ಮುಟ್ಟುವ ಮರದ ಹಲಗೆಗಳು. ನಾಲ್ಕನೆಯ ಗೋಡೆಯಲ್ಲಿ ಒಂದು ಕಿಟಕಿ. ಗಾಳಿ ಬೆಳಕಿಗಲ್ಲ, ಬಟ್ಟೆ ಕೊಡುವುದಕ್ಕೆ. ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ ಒಂದು, ಮೇಜಿನ ಮೇಲೆ ಕಪ್ಪು ಫೋನು ಒಂದು. ಹರಿದ ಹಾಸುಬಟ್ಟೆಗಳಿಗೆ ತೇಪೆ ಹಾಕಲು ಇಪ್ಪತ್ತಾರನೆಯ ವಯಸ್ಸಿನಲ್ಲಿ ಸೇರಿದ ದೊಡ್ಡಮ್ಮ, ಐವತ್ತಾರರ ಹೊತ್ತಿಗೆ ಆ ಕೋಣೆಗೇ ಯಜಮಾನಿ.

ದೊಡ್ಡಪ್ಪ ಅದೇ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್. ಸ್ಟ್ರೆಚರಿನ ಬಟ್ಟೆ ಹರಿದಿದೆ ಅಂತ ಒಂದೇ ವಾರದಲ್ಲಿ ಮೂರು ಸಲ ಆ ಕಿಟಕಿಗೆ ಬಂದನಂತೆ. ಮೂರನೆಯ ಸಲ ದೊಡ್ಡಮ್ಮ ಹರಿದ ಜಾಗವನ್ನು ಬೆಳಕಿಗೆ ಹಿಡಿದು ನೋಡಿ, "ಇದು ತಾನಾಗಿ ಹರಿದಿದ್ದಲ್ಲ, ಹಲ್ಲಲ್ಲಿ ಕಚ್ಚಿ ಹರಿದಿದ್ದು" ಅಂದಳಂತೆ. ಮದುವೆ ಆಗಿದ್ದು ಹಾಗೆ.

ಆ ಕಪ್ಪು ಫೋನಿನಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಬಟ್ಟೆಯಮ್ಮಾ, ಬಟ್ಟೆ!" ಎಂಥ ಬಟ್ಟೆ, ಎಷ್ಟು ಬಟ್ಟೆ ಅಂತ ಹೇಳುವವರೂ ಇಲ್ಲ, ದೊಡ್ಡಮ್ಮ ಕೇಳುತ್ತಲೂ ಇರಲಿಲ್ಲ. ಉಸಿರು ಬಿಗಿಹಿಡಿದು "ಬಟ್ಟೆ" ಅಂದರೆ ಹೆರಿಗೆ ವಾರ್ಡಿನ ದೊಡ್ಡ ಸಿಸ್ಟರ್, ಬೇಕಾದ್ದು ಮಗು ಸುತ್ತುವ ಬಟ್ಟೆ. "ಬಟ್ಟೇ..." ಅಂತ ರಾಗ ಎಳೆದರೆ ಆಪರೇಷನ್ ಕೋಣೆ, ಹಸಿರು ಬಟ್ಟೆ. ಬೈಯುತ್ತ ಕೇಳಿದರೆ ಅಡುಗೆಮನೆಯವರು, ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆ. ಬೈಸಿಕೊಂಡವರ ದನಿಯಲ್ಲಿ ಕೇಳಿದರೆ ನೆಲ ಒರೆಸುವ ಬಟ್ಟೆ. ತೀರಾ ಮೆಲ್ಲಗೆ, "ಬಟ್ಟೆಯಮ್ಮ, ಒಂದು ಬಟ್ಟೆ ಬೇಕಿತ್ತು" ಅಂದರೆ ಮಾತ್ರ ದೊಡ್ಡಮ್ಮ ಮೇಲಿನ ಹಲಗೆಯಿಂದ ಅಚ್ಚಬಿಳಿಯದೊಂದನ್ನು ತೆಗೆದು, ಮಡಿಕೆ ಸರಿಯಾಗಿದೆಯಾ ಅಂತ ನೋಡಿ, ತಾನೇ ಹೋಗಿ ಕೊಟ್ಟು ಬರುತ್ತಿದ್ದಳು. ಅದು ಯಾರಿಗೆ ಹೊದಿಸುವ ಬಟ್ಟೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಹೀಗೆ ಮೂವತ್ತು ವರ್ಷ ನಡೆಯಿತು. ಆಮೇಲೆ ಒಂದು ದಿನ ದೊಡ್ಡಮ್ಮ ಸ್ಟೂಲಿನಿಂದ ಬಿದ್ದಳು.

ಕಾಲಿನ ಹರಡು ಊದಿ ಚೆಂಡಾಯಿತು. ಮೂರು ದಿನ ನೆಲಕ್ಕೆ ಕಾಲು ಊರಬಾರದು ಅಂದರು. ಬಟ್ಟೆ ಕೋಣೆಗೆ ಅಡುಗೆಮನೆಯಿಂದ ತರಕಾರಿ ಹೆಚ್ಚುವ ದಪ್ಪಣ್ಣನನ್ನು ಕಳಿಸಿದರು. ಒಳ್ಳೆಯ ಮನುಷ್ಯ. ಅವನಿಗೆ ಹೇಳಿಕೊಟ್ಟದ್ದು ಇಷ್ಟೇ: "ಫೋನ್ ಬರುತ್ತೆ. ಬಟ್ಟೆ ಅಂತಾರೆ. ಕೊಡು."

ಅವನೂ ಕೊಟ್ಟ. ಮೊದಲನೆಯ ದಿನ ಹೆರಿಗೆ ವಾರ್ಡಿನವರು ಕೇಳಿದಾಗ, ಇದ್ದುದರಲ್ಲಿ ಮೆತ್ತಗೆ ಕಂಡ ಕಟ್ಟೊಂದನ್ನು ಪ್ರೀತಿಯಿಂದ ಆರಿಸಿ ಕಳಿಸಿದ. ಅದು ನೆಲ ಒರೆಸುವ ಬಟ್ಟೆಯ ಕಟ್ಟು. ದೊಡ್ಡ ಸಿಸ್ಟರ್ ತಮ್ಮ ಬಿಳಿ ಕೋಟು ಬಿಚ್ಚಿ ಆಗತಾನೆ ಹುಟ್ಟಿದ ಕೂಸಿಗೆ ಸುತ್ತಬೇಕಾಯಿತು. ಎರಡನೆಯ ದಿನ ಮೇಲಿನ ಸಭಾ ಕೋಣೆಯಿಂದ "ಮೂರು ಮೇಜಿಗೆ ಬಟ್ಟೆ" ಅಂತ ಕೇಳಿದರು, ಹೊರಗಿನಿಂದ ಯಾರೋ ದೊಡ್ಡವರು ಬರುವವರಿದ್ದರು. ದಪ್ಪಣ್ಣ ಮೇಜಿನ ಅಳತೆಗೆ ಸರಿಹೋಗುವ ಹಸಿರು ಬಟ್ಟೆ ಹುಡುಕಿ, ಆ ಹೊತ್ತಿಗೆ ಒಗೆದು ಸಿದ್ಧವಿದ್ದ ಮೂರನ್ನೂ ಕಳಿಸಿದ. ಒಂದೊಂದರ ನಡುವೆಯೂ ಅಂಗೈ ಅಗಲದ ತೂತು. ಆಪರೇಷನ್ ಮಾಡುವಾಗ ಡಾಕ್ಟರು ಕುಯ್ಯುವ ಜಾಗ ಮಾತ್ರ ಕಾಣಲಿ ಅಂತ ಹಾಗೆ ಹೊಲಿದದ್ದು. ಸಭೆಗೆ ಮೇಜು ಹೊಂದಿಸುವವರು ಜಾಣರು, ತೂತಿಗೆ ಸರಿಯಾಗಿ ಹೂದಾನಿ ಇಟ್ಟರು. ಬಂದವರು, "ಹೂದಾನಿ ಜಾರಬಾರದು ಅಂತ ಹೀಗೆ ಮಾಡಿಸಿದ್ದೀರಾ? ಚೆನ್ನಾಗಿದೆ" ಅಂತ ಮೆಚ್ಚಿಕೊಂಡು ಹೋದರಂತೆ.

ಮೆಚ್ಚುವವರು ಮೇಲೆ ಮೆಚ್ಚುತ್ತಿದ್ದಾಗ, ಕೆಳಗೆ ಆಪರೇಷನ್ ಕೋಣೆಯಲ್ಲಿ ತೂತಿನ ಬಟ್ಟೆ ಒಂದೂ ಇಲ್ಲದೆ ಒಬ್ಬರ ಆಪರೇಷನ್ ನಿಂತುಹೋಗಿತ್ತು. ಆ ಒಬ್ಬರು ನಾಲ್ಕನೆಯ ವಾರ್ಡಿನ ಮೇಷ್ಟ್ರು. ಭಾಷೆ ಪಾಠ ಮಾಡಿ ನಿವೃತ್ತರಾದವರು, ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಿದ್ದರು. ಆಪರೇಷನ್‌ಗೆ ಅಂತ ಹಿಂದಿನ ಸಂಜೆಯಿಂದ ಒಂದು ತುತ್ತೂ ಕೊಟ್ಟಿರಲಿಲ್ಲ. ಮಧ್ಯಾಹ್ನ ಎರಡಾದರೂ ಯಾರೂ ಕರೆಯದಿದ್ದಾಗ ಅವರು ಮಲಗಿದಲ್ಲಿಂದಲೇ ಗರ್ಜಿಸಿದರು: "ನಿನ್ನೆಯಿಂದ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಂಡು ಬಿದ್ದಿದ್ದೀನಿ! ಕೇಳೋರಿದ್ದೀರೇನ್ರೀ ಯಾರಾದ್ರೂ?"

ಕೇಳಿಸಿಕೊಂಡದ್ದು, ತಳ್ಳುಗಾಡಿಯಲ್ಲಿ ಟವೆಲು ತರುತ್ತಿದ್ದ ದಪ್ಪಣ್ಣ. ಬೆಳಗಿನಿಂದ ಎಲ್ಲ ಕಡೆಯೂ ಬೈಸಿಕೊಂಡಿದ್ದ ಅವನಿಗೆ, ಇಂಥದೇ ಬಟ್ಟೆ ಬೇಕು ಅಂತ ಬಿಡಿಸಿ ಹೇಳಿದ ಮೊದಲನೆಯ ಮನುಷ್ಯ ಸಿಕ್ಕಿದ ಹಾಗಾಯಿತು. ಓಡಿಹೋಗಿ ಟವೆಲೊಂದನ್ನು ತಣ್ಣೀರಲ್ಲಿ ಅದ್ದಿ, ಹಿಂಡಿ, ತಂದು ಮೇಷ್ಟ್ರ ಅಂಗಿ ಎತ್ತಿ ಹೊಟ್ಟೆಯ ಮೇಲೆ ಹರಡಿದ. "ಸಾಕಾ ಸಾರ್, ಇನ್ನೊಂದು ಬೇಕಾ?"

ಮೇಷ್ಟ್ರು ಕಿರುಚಿದ್ದು ಗೇಟಿನವರೆಗೂ ಕೇಳಿಸಿತು. ಕಿರುಚಿ ಮುಗಿದ ಮೇಲೆ ಅವರು ನಗಲು ಶುರುಮಾಡಿದರು, ನಕ್ಕು ನಕ್ಕು ಕಾಲಿಗೆ ತೂಗುಹಾಕಿದ್ದ ತೂಕದ ಕಲ್ಲುಗಳು ಗಡಗಡ ಅಲ್ಲಾಡಿದವು. ಆಪರೇಷನ್ ಮಾರನೆಯ ಬೆಳಿಗ್ಗೆ ಆಯಿತು.

ನಾಲ್ಕನೆಯ ದಿನ ದೊಡ್ಡಮ್ಮ ಕುಂಟುತ್ತ ಕೆಲಸಕ್ಕೆ ಬಂದರೆ, ಕಿಟಕಿಯ ಮುಂದೆ ಪಟ್ಟಿ ಸಾಹೇಬರು ನಿಂತಿದ್ದರು. ಇವರು ಆಡಳಿತ ನೋಡಿಕೊಳ್ಳಲು ಮೂರು ತಿಂಗಳ ಹಿಂದೆ ಬಂದ ಹೊಸ ಅಧಿಕಾರಿ. ತೆಳ್ಳಗಿನ ಯುವಕ, ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ನು. ಬಲ್ಬಿಗೊಂದು ಪಟ್ಟಿ, ಬಕೆಟ್ಟಿಗೊಂದು ಪಟ್ಟಿ, ಪಟ್ಟಿಗಳಿಗೇ ಇನ್ನೊಂದು ಪಟ್ಟಿ ಮಾಡಿಸಿದ್ದರಿಂದ ಆ ಹೆಸರು ಬಂದಿತ್ತು.

"ಬಟ್ಟೆಯಮ್ಮ, ಒಂದನೇ ತಾರೀಕಿಂದ ಈ ಆಸ್ಪತ್ರೆಯಲ್ಲಿ ಬಟ್ಟೆ ಅನ್ನೋ ಪದ ಇರಲ್ಲ."

"ಪದ ಹೋದ್ರೆ ಹೋಗ್ಲಿ ಸಾರ್. ಬಟ್ಟೆ ಇರುತ್ತೆ ತಾನೆ?"

ಸಾಹೇಬರು ಒಂದು ಕ್ಷಣ ಯೋಚಿಸಿದರು. "ಇರುತ್ತೆ. ಆದ್ರೆ ಒಂದೊಂದಕ್ಕೂ ಒಂದು ಹೆಸರು, ಒಂದು ನಂಬರು. ವಾರದೊಳಗೆ ಪಟ್ಟಿ ಮಾಡಿಕೊಡಿ."

"ಪಟ್ಟಿ ಯಾಕೆ ಸಾರ್, ನಾನಿದ್ದೀನಲ್ಲ?"

"ಮೂರು ದಿನ ಇರ್ಲಿಲ್ವಲ್ಲ."

ಸಾಹೇಬರು ಹೊರಟವರು ತಿರುಗಿ ಬಂದು ಹಳೆಯ ರಿಜಿಸ್ಟರ್ ತೆರೆದು ಬೆರಳಿಟ್ಟರು. "ಇನ್ನೊಂದು. ಇಲ್ಲಿ 'ಬಟ್ಟೆ ಬರೆ' ಅಂತ ಬರ್ದಿದೆ. ಬಟ್ಟೆ ಕಾಣಿಸ್ತಿದೆ. ಬರೆ ಎಲ್ಲಿಟ್ಟಿದ್ದೀರಿ?"

ಆ ದಿನ ಮನೆಯಲ್ಲಿ ದೊಡ್ಡಮ್ಮ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. "ಬರೆ ಎಲ್ಲಿ ಅಂತಾನೆ ರೀ! ನನ್ನ ಮಗನ ವಯಸ್ಸಿನವನು! ಮೂವತ್ತು ವರ್ಷ ಒಂದು ಬಟ್ಟೆ ಅದಲು ಬದಲು ಮಾಡಿಲ್ಲ ನಾನು. ಎಲ್ಲ ಇಲ್ಲಿದೆ, ಇಲ್ಲಿ!" ಅಂತ ಹಣೆ ಬಡಿದುಕೊಂಡಳು.

ದೊಡ್ಡಪ್ಪ ಬೂಟಿನ ದಾರ ಬಿಚ್ಚುತ್ತ ಕೂತಿದ್ದ. ತಲೆ ಎತ್ತದೆ ಹೇಳಿದ: "ಅದೇ ಕಣೇ ತೊಂದ್ರೆ. ನನ್ನ ಆಂಬುಲೆನ್ಸ್ ಕೀಲಿಕೈ ನಾನು ನುಂಗಿಬಿಟ್ರೆ, ನನ್ನಷ್ಟು ಜೋಪಾನ ಮಾಡೋನು ಇನ್ಯಾರೂ ಇಲ್ಲ. ಗಾಡಿ ಮಾತ್ರ ಹೋಗಲ್ಲ."

"ಅಂದ್ರೆ ತಪ್ಪು ನನ್ನದಾ?"

"ನೀನು ಮೂರು ದಿನ ಮಲಗಿದ್ದಕ್ಕೆ ಇಡೀ ಆಸ್ಪತ್ರೆ ಮಲಗ್ತು. ಅದನ್ನ ಕೇಳಿ ನಿನಗೆ ಒಳಗೊಳಗೆ ಖುಷಿ ಆಯ್ತಾ ಇಲ್ವಾ, ನಿಜ ಹೇಳು."

ಪಾತ್ರೆಗಳ ಸದ್ದು ನಿಂತಿತು. ಕೋಟಿನಲ್ಲಿ ಸುತ್ತಿದ ಆ ಕೂಸಿನ ಸುದ್ದಿ ಕೇಳಿದಾಗ ತಾನು ಮೊದಲು ನಕ್ಕಿದ್ದು, ಆಮೇಲಷ್ಟೇ ಅಯ್ಯೋ ಅಂದದ್ದು ಅವಳಿಗೆ ನೆನಪಾಗಿತ್ತು. ಇದನ್ನು ನನಗೆ ಹೇಳಿದವಳು ಅವಳೇ.

ಮಾರನೆಯ ದಿನ ಊಟದ ಬಿಡುವಿನಲ್ಲಿ ನಾಲ್ಕನೆಯ ವಾರ್ಡಿಗೆ ಹೋಗಿ ಮೇಷ್ಟ್ರ ಮುಂದೆ ಕೈಕಟ್ಟಿ ನಿಂತಳು. "ನನ್ನಿಂದಾಗಿ ನಿಮ್ಮ ಆಪರೇಷನ್ ಒಂದು ದಿನ ತಡ ಆಯ್ತು ಮೇಷ್ಟ್ರೇ. ಕ್ಷಮಿಸಬೇಕು."

"ನೀವೇನಾ ಬಟ್ಟೆಯಮ್ಮ? ಕ್ಷಮೆ ಯಾಕೆ? ನಿಮ್ಮ ಹೊಟ್ಟೆ ತಣ್ಣಗಿರಲಿ ಅಂತ ಜನ ಬಾಯಲ್ಲಿ ಹರಸ್ತಾರೆ. ನಿಮ್ಮ ದಪ್ಪಣ್ಣ ಮಾಡೇ ತೋರಿಸಿದ!"

ನಗು ಮುಗಿಯುವಷ್ಟರಲ್ಲಿ ದೊಡ್ಡಮ್ಮನ ಕಷ್ಟವೂ ಹೊರಗೆ ಬಂತು. ಓದಲು ಬರುತ್ತದೆ, ಬರೆಯಲು ಕೂತರೆ ಒಂದು ಸಾಲಿಗೆ ಒಂದು ಗಂಟೆ, ಪಟ್ಟಿಗೆ ವಾರದ ಗಡುವು, ಸಾಲದ್ದಕ್ಕೆ ಸಾಹೇಬರು ಬರೆ ಎಲ್ಲಿ ಅಂತ ಬೇರೆ ಕೇಳುತ್ತಾರೆ. ಮೇಷ್ಟ್ರ ಕಣ್ಣು ಅರಳಿತು. ಕಾಲು ಕಟ್ಟಿಸಿಕೊಂಡು ಹದಿನೈದು ದಿನದಿಂದ ಸೂರಿನ ಬಿರುಕು ಎಣಿಸುತ್ತಿದ್ದ ಮನುಷ್ಯ. "ಬಟ್ಟೆ ನೀವು ನೋಡ್ಕೊಳ್ಳಿ, ಬರೆ ನನಗೆ ಬಿಡಿ. ನಿಮ್ಮ ಸಾಹೇಬರಿಗೆ ಬಟ್ಟೆ ಬರೆ ಎರಡೂ ಸಿಕ್ಕಿದ ಹಾಗಾಯ್ತು."

ಅಲ್ಲಿಂದ ದಿನಾ ಊಟದ ಹೊತ್ತಿಗೆ ದೊಡ್ಡಮ್ಮ ಒಂದೊಂದು ಮಾದರಿ ತುಂಡು ಹಿಡಿದು ಬರುವುದು, ಮೇಷ್ಟ್ರು ಎದೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುವುದು. ಅಕ್ಕಪಕ್ಕದ ಹಾಸಿಗೆಯವರೂ ಬಾಯಿ ಹಾಕುತ್ತಿದ್ದರು. ಗಾಯಕ್ಕಿಡುವ ಬಟ್ಟೆ, ಔಷಧಿ ಸೋಸುವ ಬಟ್ಟೆ, ಪರದೆ ಬಟ್ಟೆ, ಕೂದಲು ಮುಚ್ಚುವ ಬಟ್ಟೆ... ಹದಿನೇಳಕ್ಕೆ ಬಂದಾಗ ಜಗಳವಾಯಿತು.

"ಒರೆಸೋ ಬಟ್ಟೆ ಆಗ್ಲೇ ಬರೆದಾಗಿದೆ ಬಟ್ಟೆಯಮ್ಮ. ಇದೂ ಒರೆಸೋದೇ. ಒಂದೇ ನಂಬರ್ ಸಾಕು."

"ಅದು ಮುಖ ಒರೆಸೋದು, ಇದು ನೆಲ ಒರೆಸೋದು. ಒಂದೇ ಅಂತ ನೀವೇ ಅಂದ್ರೆ ಸರಿ. ನಾಳೆ ಬೆಳಿಗ್ಗೆ ನಿಮ್ಮ ಮುಖಕ್ಕೆ ಯಾವುದು ಸಿಕ್ಕುತ್ತೋ ಅದನ್ನೇ ಕಳಿಸ್ತೀನಿ."

ಎರಡು ನಂಬರ್ ಆಯಿತು.

ಬರೆಯುತ್ತ ಬರೆಯುತ್ತ ಆಸ್ಪತ್ರೆಯಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಗಳು ಹೊರಬಿದ್ದವು. ಹೆರಿಗೆ ವಾರ್ಡಿಗೆ ದೊಡ್ಡಮ್ಮ ಹೊಸ ಬಟ್ಟೆ ಕೊಡುತ್ತಲೇ ಇರಲಿಲ್ಲ. ಹೊಸದು ಹಸುಗೂಸಿನ ಮೈಗೆ ಚುಚ್ಚುತ್ತದೆ. ಹಾಸಿಗೆಯ ಮೇಲೆ ಹಾಸಿ ಹಾಸಿ ನಲವತ್ತು ಸಲ ಒಗೆತ ಕಂಡ ಹಾಸುಬಟ್ಟೆಯನ್ನೇ ಕತ್ತರಿಸಿ, ಅಂಚು ಹೊರಮುಖವಾಗಿ ಮಡಿಸಿ ಹೊಲಿದರೆ ಅದು ಮಗು ಸುತ್ತುವ ಬಟ್ಟೆ. ಅದೂ ಸವೆದರೆ ಸಾಮಾನು ಒರೆಸುವುದಕ್ಕೆ, ಇನ್ನೂ ಸವೆದರೆ ನೆಲಕ್ಕೆ. "ಹಾಗಾದ್ರೆ ಇದಕ್ಕೆ ಯಾವ ನಂಬರ್ ಹಾಕ್ಲಿ?" ಅಂತ ಮೇಷ್ಟ್ರು ಪೆನ್ನು ಕಚ್ಚಿದರು. "ಅದು ಈಗ ಎಷ್ಟನೇ ವಯಸ್ಸಲ್ಲಿದೆ ನೋಡ್ಕೊಂಡು ಹಾಕಿ" ಅಂದಳು ದೊಡ್ಡಮ್ಮ. ಇದನ್ನು ಅವಳು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲಿಲ್ಲ ಅನ್ನುವುದೂ ನಿಜ.

ಐದನೆಯ ದಿನ ಮೇಷ್ಟ್ರು, "ಇಷ್ಟು ಚುರುಕಿದ್ದೀರಿ, ಸ್ಕೂಲು ಯಾಕೆ ಬಿಟ್ರಿ?" ಅಂತ ಕೇಳಿದರು.

"ಬಿಡಿ ಮೇಷ್ಟ್ರೇ, ಅದೂ ಬಟ್ಟೆ ಕಥೆನೇ." ದೊಡ್ಡಮ್ಮ ಕೈಯಲ್ಲಿದ್ದ ತುಂಡನ್ನು ಮಡಿಸುತ್ತ ಹೇಳಿದಳು. "ಆರನೇ ಕ್ಲಾಸು. ಹಳೇ ಕಾಲದ ಒಂದು ಪದ್ಯ. ರಾಜ ಬೇಟೆಗೆ ಹೋಗ್ತಾನೆ, ಕಾಡಲ್ಲಿ ಬಟ್ಟೆ ತಪ್ಪಿ ಅಲೀತಾನೆ. ನಾನು ಎದ್ದು ನಿಂತು, 'ಸಾರ್, ಬಟ್ಟೆ ಇಲ್ದೆ ಅರಮನೆಗೆ ಹೇಗೆ ವಾಪಸ್ ಬಂದ? ರಾಣಿ ಏನಂದ್ಲು?' ಅಂದೆ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಗ್ತು. ಸಾರ್ ನನ್ನನ್ನ, 'ಬೇಕಂತ ಅಸಹ್ಯ ಮಾತಾಡ್ತೀಯಾ' ಅಂತ ಹೊರಗೆ ನಿಲ್ಲಿಸಿದ್ರು. ಒಂದು ವಾರ. ಆಮೇಲೆ ಹುಡುಗರು ದಾರೀಲಿ ಕಂಡಾಗಲೆಲ್ಲ ರಾಣಿ, ರಾಣಿ ಅನ್ನೋರು. ನಾನು ಹೋಗಲ್ಲ ಅಂತ ಹಟ ಹಿಡಿದೆ. ಮನೇಲೂ ಹೊಲಿಗೆ ಕಲೀಲಿ ಬಿಡು ಅಂದ್ರು."

ಮೇಷ್ಟ್ರು ನಗಲಿಲ್ಲ. "ಆ ಬಟ್ಟೆ ಏನು ಅಂತ ಯಾರೂ ಹೇಳ್ಲಿಲ್ವಾ?"

"ಏನು ಹೇಳೋದು? ಬಟ್ಟೆ ಅಂದ್ರೆ ಬಟ್ಟೆ."

"ಅಲ್ಲ ತಾಯಿ. ಹಳೇ ಮಾತಲ್ಲಿ ಬಟ್ಟೆ ಅಂದ್ರೆ ದಾರಿ. ರಾಜ ದಾರಿ ತಪ್ಪಿದ, ಅಷ್ಟೇ. ದೊಡ್ಡ ದಾರಿಗೆ ಹೆಬ್ಬಟ್ಟೆ ಅಂತಿದ್ರು. ದಾರಿಹೋಕ ಬಟ್ಟೆಗ."

ದೊಡ್ಡಮ್ಮ ಬಾಯಿ ತೆರೆದು ನಿಂತಳು. ನಲವತ್ತೈದು ವರ್ಷ ಅವಳ ತಲೆಯೊಳಗೆ ಆ ಪಾಪದ ರಾಜ ಎಲೆ ಮುಚ್ಚಿಕೊಂಡು, ಮರದಿಂದ ಮರಕ್ಕೆ ಅಡಗಿಕೊಂಡು ಓಡಾಡುತ್ತಿದ್ದ. "ಅಂದ್ರೆ ಅವನು ಮೈತುಂಬಾ ಹಾಕ್ಕೊಂಡಿದ್ನಾ?" ಅಂದಳು.

"ಕಿರೀಟದ ಸಮೇತ."

ಅವಳು ನಗಲು ಶುರುಮಾಡಿದಳು, ನಗುತ್ತಿದ್ದ ಹಾಗೇ ಕಣ್ಣು ತುಂಬಿ ಕೈಯಲ್ಲಿದ್ದ ಮಾದರಿ ತುಂಡಿನಿಂದಲೇ ಒರೆಸಿಕೊಂಡಳು. ಮೇಷ್ಟ್ರು ಕಿಟಕಿಯ ಕಡೆ ನೋಡುತ್ತ ಹೇಳಿದರು: "ನಾನೂ ಮೂವತ್ತೈದು ವರ್ಷ ಪಾಠ ಮಾಡಿದೆ. ನಗೋ ಕ್ಲಾಸನ್ನ ಸುಮ್ಮನಿರಿಸೋಕೆ ಒಬ್ಬರನ್ನ ಹೊರಗೆ ಕಳಿಸೋದು ಸುಲಭ. ನಾನೂ ಕಳಿಸಿದ್ದೀನಿ. ನಿಮ್ಮ ಸಾರ್ ಪರವಾಗಿ ಅಂತಲೇ ಇಟ್ಕೊಳ್ಳಿ, ಕ್ಷಮಿಸಿ."

"ಅಯ್ಯೋ, ಬಿಡಿ ಮೇಷ್ಟ್ರೇ" ಅಂದಳು ದೊಡ್ಡಮ್ಮ. ಆದರೆ ಮನೆಗೆ ಹೋದವಳು ಕೈಚೀಲ ಕೆಳಗಿಡುವುದಕ್ಕೂ ಮೊದಲು ದೊಡ್ಡಪ್ಪನಿಗೆ ಹೇಳಿದ್ದು, "ರೀ, ಆ ರಾಜ ಬಟ್ಟೆ ಹಾಕ್ಕೊಂಡಿದ್ನಂತೆ!" ಅಂತ. ಯಾವ ರಾಜ, ಯಾಕೆ ಹಾಕಿಕೊಂಡ ಅಂತ ದೊಡ್ಡಪ್ಪನಿಗೆ ತಿಳಿಯಲು ಅರ್ಧ ಗಂಟೆ ಹಿಡಿಯಿತು.

ಏಳನೆಯ ದಿನ ಪಟ್ಟಿ ಸಿದ್ಧ. ಮುತ್ತು ಪೋಣಿಸಿದಂಥ ಅಕ್ಷರ, ಆರು ಹಾಳೆ. ದೊಡ್ಡಮ್ಮ ಮೇಷ್ಟ್ರನ್ನು ನಂಬಿ ಕೊನೆಯ ಹಾಳೆ ಓದಲಿಲ್ಲ. ಪಟ್ಟಿ ಸಾಹೇಬರು ಅಕ್ಷರದ ಅಂದಕ್ಕೇ ಮರುಳಾಗಿ, ಅವರೂ ಓದದೆ, ಮೂವತ್ತು ಪ್ರತಿ ಮಾಡಿಸಿ ವಾರ್ಡು ವಾರ್ಡಿಗೆ ಅಂಟಿಸಿದರು.

ಒಂದನೆಯ ತಾರೀಕು ಸಾಹೇಬರು ಖುದ್ದು ಬಟ್ಟೆ ಕೋಣೆಗೆ ಬಂದು ಫೋನಿನ ಪಕ್ಕ ಕುರ್ಚಿ ಹಾಕಿಕೊಂಡರು. ಸಹಾಯಕ್ಕೆ ದಪ್ಪಣ್ಣ. ಬೆಳಗಿನ ಹೊತ್ತು ಎಲ್ಲ ಎಣ್ಣೆ ಹಾಕಿದ ಯಂತ್ರದ ಹಾಗೆ ಸಾಗಿತು. "ಹನ್ನೆರಡು, ಆರು" ಅಂತ ಫೋನು ಬಂದರೆ ದಪ್ಪಣ್ಣ ಹಲಗೆಯ ಮೇಲಿನ ಹನ್ನೆರಡನೆಯ ಚೀಟಿ ನೋಡಿ ಆರು ಎಣಿಸಿ ಕೊಡುತ್ತಿದ್ದ. ತಪ್ಪೇ ಇಲ್ಲ. ದೊಡ್ಡಮ್ಮ ಮೂಲೆಯಲ್ಲಿ ಮೆಷಿನ್ ತುಳಿಯುತ್ತ, ಒಪ್ಪಿಕೊಳ್ಳಲು ಮನಸ್ಸಿಲ್ಲದಿದ್ದರೂ, ಪರವಾಗಿಲ್ಲ ಅಂದುಕೊಂಡಳು.

ಹನ್ನೊಂದಕ್ಕೆ ತುರ್ತು ಚಿಕಿತ್ಸೆಯ ಕೋಣೆಯಿಂದ ಫೋನು. "ಪಟ್ಟಿ ಕಳಿಸಿ! ಬೇಗ! ದೊಡ್ಡದು!"

ಸಾಹೇಬರ ಮುಖ ದೀಪವಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ಅವರ ಪಟ್ಟಿಯನ್ನು ಯಾರೂ ತಾವಾಗಿ ಕೇಳಿದ್ದಿಲ್ಲ, ಅದೂ ಇಷ್ಟು ಆತುರದಿಂದ. "ನಾನೇ ಕೊಟ್ಟು ಬರ್ತೀನಿ" ಅಂತ ದೊಡ್ಡ ಅಕ್ಷರದ ಪ್ರತಿಯನ್ನು ಸುರುಳಿ ಸುತ್ತಿಕೊಂಡು ಮೆಟ್ಟಿಲು ಹತ್ತಿ ಓಡಿದರು.

ಅಲ್ಲಿ ಕಿಟಕಿಗೆ ಗಾಜು ಕೂರಿಸುವ ಒಬ್ಬ ಕೆಲಸಗಾರ ಅಂಗೈ ಕುಯ್ದುಕೊಂಡು ಕೂತಿದ್ದ. ಡಾಕ್ಟರು ಒಂದು ಕೈಯಲ್ಲಿ ಅವನ ಗಾಯ ಒತ್ತಿ ಹಿಡಿದು, ತಿರುಗಿ ನೋಡದೆ ಇನ್ನೊಂದು ಕೈ ಹಿಂದಕ್ಕೆ ಚಾಚಿದರು. ಸಾಹೇಬರು ಆ ಕೈಯಲ್ಲಿ ಕಾಗದದ ಸುರುಳಿ ಇಟ್ಟರು.

"ಇದೇನ್ರೀ?"

"ಪಟ್ಟಿ. ನೀವೇ ಕೇಳಿದ್ರಲ್ಲ?"

"ಕಟ್ಟೋ ಪಟ್ಟಿ ಕೇಳಿದ್ದು ನಾನು! ಓದೋ ಪಟ್ಟಿಯಲ್ಲಿ ರಕ್ತ ನಿಲ್ಲುತ್ತೇನ್ರೀ?"

ಅಷ್ಟರಲ್ಲಿ ಕುಂಟುಕಾಲಿನಲ್ಲೇ ದೊಡ್ಡಮ್ಮ ಹಿಂದೆ ಬಂದು ನಿಂತಿದ್ದಳು, ಕೈಯಲ್ಲಿ ಅಗಲದ ಬ್ಯಾಂಡೇಜ್ ಸುರುಳಿ. ಸಾಹೇಬರು ಕಾಗದ ಹಿಡಿದು ಓಡಿದ್ದು ನೋಡಿಯೇ ಅವಳಿಗೆ ಹೊಳೆದಿತ್ತು. ಡಾಕ್ಟರು ಕಟ್ಟಲು ಶುರುಮಾಡಿದರು. ನೋವು ಮರೆಯಲು ಏನಾದರೂ ಬೇಕಾಗಿದ್ದ ಗಾಜಿನವನು ಇನ್ನೊಂದು ಕೈಯಲ್ಲಿ ಆ ಪಟ್ಟಿ ಬಿಡಿಸಿ, ಕೊನೆಯಿಂದ ಜೋರಾಗಿ ಓದಿದ:

"ನಲವತ್ತೊಂದು. ಬಟ್ಟೆ, ಅಂದರೆ ದಾರಿ, ಹಾದಿ. ಇದು ನೆಲಮಾಳಿಗೆಯಲ್ಲಿ ದಾಸ್ತಾನು ಇರುವುದಿಲ್ಲ. ಬೇಕಾದವರು ಬಟ್ಟೆಯಮ್ಮನ ಯಜಮಾನರಾದ ಆಂಬುಲೆನ್ಸ್ ಡ್ರೈವರನ್ನು ವಿಚಾರಿಸುವುದು."

ಡಾಕ್ಟರು ನಕ್ಕ ರಭಸಕ್ಕೆ ಪಟ್ಟಿ ಸಡಿಲವಾಯಿತು. ಮತ್ತೆ ಮೊದಲಿನಿಂದ ಸುತ್ತಬೇಕಾಯಿತು.

ಸಾಹೇಬರು ಕೆಳಗೆ ಬಂದು ದೊಡ್ಡಮ್ಮನ ಸ್ಟೂಲಿನ ಮೇಲೆ ಕೂತರು. ಕಿವಿ ಕೆಂಪಾಗಿತ್ತು. ದಪ್ಪಣ್ಣ ಮೆಲ್ಲಗೆ ಪರದೆ ಬಟ್ಟೆಗಳ ಹಿಂದೆ ಸರಿದ. ಇವತ್ತು ನನ್ನ ಕೆಲಸ ಹೋಯಿತು ಅಂತ ದೊಡ್ಡಮ್ಮ ಎದೆ ಗಟ್ಟಿ ಮಾಡಿಕೊಂಡಳು.

"ಕಟ್ಟೋದಕ್ಕೂ ಪಟ್ಟಿ ಅಂತಾರೆ ಅಂತ ನನಗೆ ಹೊಳೀಲೇ ಇಲ್ಲ ಬಟ್ಟೆಯಮ್ಮ" ಅಂದರು ಸಾಹೇಬರು. "ಚಿಕ್ಕಂದಿನಲ್ಲಿ ಮೊಣಕಾಲಿಗೆ ನಮ್ಮಮ್ಮ ಎಷ್ಟು ಸಲ ಕಟ್ಟಿಲ್ಲ. ಮರ್ತೇ ಹೋಗಿತ್ತು."

ದೊಡ್ಡಮ್ಮನಿಗೆ ಅವರ ಮೇಲಿನ ಸಿಟ್ಟೆಲ್ಲ ಆ ಮಾತಿಗೆ ಇಳಿದುಹೋಯಿತು. "ನಿಮ್ಮ ಪಟ್ಟಿ ಒಳ್ಳೇದೇ ಸಾರ್. ಬೆಳಿಗ್ಗೆಯಿಂದ ನೋಡ್ತಿದ್ದೀನಿ, ದಪ್ಪಣ್ಣ ಒಂದೂ ತಪ್ಪು ಮಾಡ್ಲಿಲ್ಲ. ನನಗೇ ಹಟ ಇತ್ತು. ಆದ್ರೆ ಜನ ಅವಸರದಲ್ಲಿ ಇರ್ತಾರೆ. ಬಾಯಿಗೆ ಬಂದ ಮಾತಲ್ಲೇ ಕೇಳ್ತಾರೆ. ಪದ ಮಾತ್ರ ಕಿತ್ಕೋಬೇಡಿ."

"ಮತ್ತೆ ಆ ನಲವತ್ತೊಂದು?"

ದೊಡ್ಡಮ್ಮ ಮೇಷ್ಟ್ರ ಕಿತಾಪತಿಯನ್ನೂ, ಅದರ ಹಿಂದಿದ್ದ ರಾಜನ ಕಥೆಯನ್ನೂ ಹೇಳಿದಳು. ಸಾಹೇಬರು ಮೊದಲು ತುಟಿ ಬಿಗಿದರು, ಆಮೇಲೆ ನಾಲ್ಕು ಪೆನ್ನು ಜೇಬಿನಿಂದ ಉದುರುವಷ್ಟು ನಕ್ಕರು. ಹೊಸ ಆಜ್ಞೆ ಹೊರಟಿತು: ಬಟ್ಟೆ ಅನ್ನಬಹುದು, ಜೊತೆಗೆ ನಂಬರೂ ಹೇಳಬೇಕು, ನಂಬರ್ ನೆನಪಾಗದಿದ್ದರೆ ಯಾತಕ್ಕೆ ಅಂತಾದರೂ ಹೇಳಬೇಕು. ನಲವತ್ತೊಂದನ್ನು ಅಳಿಸಿ ಅಂತ ಸಾಹೇಬರು ಕೊನೆಗೂ ಹೇಳಲಿಲ್ಲ. ಆಮೇಲೆ ಬಹಳ ದಿನ ಜನ ದೊಡ್ಡಪ್ಪನನ್ನು ಕಂಡರೆ, "ಎರಡು ಮೈಲಿ ಬಟ್ಟೆ ಸಿಗುತ್ತಾ?" ಅಂತ ಕೇಳುತ್ತಿದ್ದರು. ಮೇಷ್ಟ್ರು ಊರುಗೋಲು ಹಿಡಿದು ಮನೆಗೆ ಹೋದರು. ಹೋಗುವಾಗ ದಪ್ಪಣ್ಣನನ್ನು ಕರೆದು ಅಪ್ಪಿಕೊಂಡರು.

ಆ ವರ್ಷವೇ ದೊಡ್ಡಮ್ಮ ಮೊದಲ ಸಲ ಒಟ್ಟಿಗೆ ಹನ್ನೊಂದು ದಿನ ರಜೆ ಹಾಕಿದಳು. ಕಂಡವರನ್ನೆಲ್ಲ ಕೂರಿಸಿಕೊಂಡು ಓಡಾಡಿದ ದೊಡ್ಡಪ್ಪ, ಹೆಂಡತಿಯನ್ನು ಕೂರಿಸಿಕೊಂಡು ದೂರ ಹೊರಟದ್ದೂ ಅದೇ ಮೊದಲು. ಸಮುದ್ರದ ಹತ್ತಿರ ಒಂದು ಚಿಕ್ಕ ವಸತಿಗೃಹ. ಎರಡು ದಿನ ಹೇಗೋ ಕಳೆದಳು. ಮೂರನೆಯ ದಿನ ತಡೆಯಲಾರದೆ ಆಸ್ಪತ್ರೆಗೆ ಫೋನ್ ಮಾಡಿದಳು.

"ಎಲ್ಲ ಸರಿಯಾಗಿದೆ ಅಮ್ಮ. ನೀವು ಆರಾಮಾಗಿರಿ" ಅಂದ ದಪ್ಪಣ್ಣ.

"ಏನೂ ಅದಲು ಬದಲಾಗ್ಲಿಲ್ವಾ?"

"ಇಲ್ಲಮ್ಮ."

"ಒಂದೂ?"

"ಒಂದೂ ಇಲ್ಲ."

ದೊಡ್ಡಮ್ಮನಿಗೆ ಕೊಂಚ ಬೇಜಾರಾಯಿತು. ಪಕ್ಕದಲ್ಲಿ ದೊಡ್ಡಪ್ಪ ಕಡಲೆಕಾಯಿ ಸುಲಿಯುತ್ತ ಅವಳ ಮುಖ ನೋಡಿ ಮುಸಿಮುಸಿ ನಕ್ಕ.

"ಒಂದೇ ವಿಷಯ ಅಮ್ಮ" ಅಂದ ದಪ್ಪಣ್ಣ, ದನಿ ತಗ್ಗಿಸಿ. "ಮಕ್ಕಳ ವಾರ್ಡಿಂದ ಒಂದು ಪುಟ್ಟ ಹುಡುಗಿ ಬಂದಿದ್ಲು. ಅವಳ ಗೊಂಬೆಗೂ ಜ್ವರ ಅಂತೆ, ಹೊದಿಸೋಕೆ ಬಟ್ಟೆ ಬೇಕು ಅಂದ್ಲು. ಪಟ್ಟಿಯಲ್ಲಿ ಎಲ್ಲೂ ಇಲ್ಲ. ನಾನೇ ನಲವತ್ತೆರಡು ಅಂತ ಬರ್ಕೊಂಡು, ಮಗು ಸುತ್ತೋ ಬಟ್ಟೇಲಿ ಒಂದು ತುಂಡು ಕತ್ತರಿಸಿ ಕೊಟ್ಟುಬಿಟ್ಟೆ. ತಪ್ಪಾಯ್ತಾ?"

"ಎಷ್ಟು ಉದ್ದ ಕೊಟ್ಟೆ?"

"ಒಂದು ಗೇಣು."

"ಒಂದು ಗೇಣು ಎಲ್ಲಿ ಸಾಕಾಗುತ್ತೋ?" ಅಂದಳು ದೊಡ್ಡಮ್ಮ. "ಕಾಲ ಹತ್ರ ಒಳಗೆ ಸೇರಿಸಿ ಮಡಚೋಕೆ ಇನ್ನು ನಾಲ್ಕು ಬೆರಳಾದ್ರೂ ಬೇಡ್ವಾ? ಹೋಗು, ಬೇರೆ ಕತ್ತರಿಸಿ ಕೊಟ್ಟು ಬಾ."